ಹಳೆಯ ಸಿಪಾಯಿಯ ಕೊನೆಯ ಹಾಸಿಗೆ

ಕನ್ನಡ ನಾಡಿನ ಹಳೆಯ ಊರುಗಳ ಗುಡಿಯಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತದ ಶಿಲ್ಪಗಳಿರುತ್ತವೆ. ಕೆಳಗಿನ ಹಂತದಲ್ಲಿ ವೀರ ಹೋರಾಡುತ್ತಾನೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಹೋರಾಟಕ್ಕೂ ಸ್ವರ್ಗಕ್ಕೂ ನಡುವೆ ಒಂದೇ ಒಂದು ಗೆರೆ. ಗಾಯಗೊಂಡು ಮನೆಗೆ ಮರಳಿ, ಮೂವತ್ತು ನಲವತ್ತು ವರ್ಷ ಬದುಕಿ, ಮುಪ್ಪಿನಲ್ಲಿ ಜಗಲಿಯ ಮೂಲೆಯಲ್ಲಿ ನರಳಿ ಸತ್ತ ಯೋಧನ ಕಥೆ ಹೇಳುವ ಹಂತ ಆ ಕಲ್ಲುಗಳಲ್ಲಿಲ್ಲ.

ಬದುಕಿ ಬಂದವರನ್ನು ಅರಸರು ಪೂರ್ತಿಯಾಗಿ ಮರೆತಿದ್ದರೆಂದಲ್ಲ. ಕ್ರಿ.ಶ. 949ರ ತಕ್ಕೋಲಂ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಭೂಮಿಯನ್ನು ‘ಬಾಳ್ಗಚ್ಚು’ ಆಗಿ ಕೊಟ್ಟನೆಂದು ಆತಕೂರಿನ ಶಾಸನ ಹೇಳುತ್ತದೆ. ಕತ್ತಿ ತೊಳೆಯುವ ವಿಧಿಯೊಡನೆ ಯೋಧನಿಗೆ ಸಲ್ಲುತ್ತಿದ್ದ ಭೂದಾನ ಅದು. ಅದಕ್ಕೂ ಬಹಳ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರವು ಕರ್ತವ್ಯದಲ್ಲಿದ್ದಾಗ ಸತ್ತವರ ಹೆಂಡತಿ ಮಕ್ಕಳಿಗೆ ಅನ್ನ, ವೇತನ ಸಲ್ಲಬೇಕೆಂದು ವಿಧಿಸಿತ್ತು. ಭೂಮಿ, ಅನ್ನ, ವೇತನ ಇವೆಲ್ಲ ಸಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಯುದ್ಧದಿಂದ ಬದುಕಿ ಬಂದವನು ರೋಗದಿಂದಲೋ ವೃದ್ಧಾಪ್ಯದಿಂದಲೋ ಸಾಯುವಾಗ ಅವನ ಬಳಿ ಯಾರಿರಬೇಕು? ಅವನ ನೋವನ್ನು ಯಾರು ನೋಡಿಕೊಳ್ಳಬೇಕು? ಜಗತ್ತಿನ ಸರ್ಕಾರಗಳು ಈ ಪ್ರಶ್ನೆಗೆ ಬಂದು ಮುಟ್ಟಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅವು ಸಿಪಾಯಿಗೆ ಮೊದಲು ಸೂರು ಕೊಟ್ಟವು, ಆಮೇಲೆ ಶುಶ್ರೂಷೆ ಕೊಟ್ಟವು. ಸಾವಿನ ಹೊತ್ತಿನ ಆರೈಕೆ ಎಲ್ಲಕ್ಕಿಂತ ಕೊನೆಗೆ ಬಂತು.

ಅರಸರು ಕಟ್ಟಿಸಿದ ಸೂರು

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳು ಪ್ಯಾರಿಸ್ಸಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದರು. ಅಂಥವರನ್ನು ಕ್ರೈಸ್ತ ಮಠಗಳು ಇಟ್ಟುಕೊಂಡು ಸಾಕಬೇಕೆಂಬ ಹಳೆಯ ಕಟ್ಟಳೆಯೇನೋ ಇತ್ತು. ಆದರೆ ಸನ್ಯಾಸಿಗಳಿಗೆ ಸಿಪಾಯಿಗಳ ಸಹವಾಸ ಬೇಡವಾಗಿತ್ತು. ಸಿಪಾಯಿಗಳಿಗೆ ಮಠದ ನೇಮನಿಷ್ಠೆ ಒಗ್ಗುತ್ತಿರಲಿಲ್ಲ. 1670ರಲ್ಲಿ ಹದಿನಾಲ್ಕನೆಯ ಲೂಯಿ ಇವರಿಗಾಗಿಯೇ ಒಂದು ದೊಡ್ಡ ಕಟ್ಟಡ ಕಟ್ಟಿಸಲು ಆಜ್ಞೆ ಹೊರಡಿಸಿದ. ಅದೇ ‘ಇನ್ವಾಲಿಡ್ಸ್’. ಲಿಬರಾಲ್ ಬ್ರುವಾಂ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದ. 1674ರಲ್ಲಿ ಮೊದಲ ಸಿಪಾಯಿಗಳು ಒಳಹೊಕ್ಕರು. ಶತಮಾನದ ಕೊನೆಯ ವೇಳೆಗೆ ಅಲ್ಲಿ ಸುಮಾರು 4,000 ಮಂದಿ ಇದ್ದರು.

ಅಲ್ಲಿನ ಬದುಕು ಅರ್ಧ ಪಾಳೆಯ, ಅರ್ಧ ಮಠ. ಸಿಪಾಯಿಗಳು ಸಮವಸ್ತ್ರ ಧರಿಸಬೇಕಿತ್ತು, ಪ್ರಾರ್ಥನೆಗೆ ಹೋಗಬೇಕಿತ್ತು, ಕಾವಲು ಕಾಯಬೇಕಿತ್ತು. ಶಕ್ತಿ ಇದ್ದವರು ಕಾರ್ಯಾಗಾರದಲ್ಲಿ ಪಾದರಕ್ಷೆ ಹೊಲಿಯಬೇಕಿತ್ತು. ಕಾಯಿಲೆಯವರ ವಿಭಾಗವನ್ನು 1676ರಿಂದ ‘ಡಾಟರ್ಸ್ ಆಫ್ ಚಾರಿಟಿ’ ಪಂಥದ ಸೋದರಿಯರು ನೋಡಿಕೊಂಡರು. ಅಲ್ಲಿ ಪ್ರತಿಯೊಬ್ಬ ರೋಗಿಗೂ ತನ್ನದೇ ಆದ ಹಾಸಿಗೆ ಇತ್ತು. ಇಂದು ಇದು ಸಾಮಾನ್ಯ ಸಂಗತಿಯಾಗಿ ಕಾಣಬಹುದು. ಆದರೆ ಆ ಕಾಲದಲ್ಲಿ ಅದೇ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಯಾದ ‘ಓಟೆಲ್ ದ್ಯೂ’ನಲ್ಲಿ ಒಂದೇ ಹಾಸಿಗೆಯ ಮೇಲೆ ಹಲವರನ್ನು ಮಲಗಿಸುತ್ತಿದ್ದರು. ಬದುಕುವವನು, ಸಾಯುವವನು, ಸತ್ತವನು ಒಂದೇ ಹೊದಿಕೆಯ ಕೆಳಗೆ ಇರುವುದು ಅಲ್ಲಿ ಅಪರೂಪವಾಗಿರಲಿಲ್ಲ. ತನ್ನದೇ ಹಾಸಿಗೆಯಲ್ಲಿ ಸಾಯುವ ಹಕ್ಕು ಬಡ ಸಿಪಾಯಿಗೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಈ ಮೇಲ್ಪಂಕ್ತಿಯನ್ನು ಅನುಸರಿಸಿದ. 1682ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ‘ಚೆಲ್ಸಿ ರಾಯಲ್ ಹಾಸ್ಪಿಟಲ್’ ಸ್ಥಾಪನೆಯಾಯಿತು. ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್ನನೇ ಇದರ ವಾಸ್ತುಶಿಲ್ಪಿ. ಹೆಸರಿನಲ್ಲಿ ‘ಹಾಸ್ಪಿಟಲ್’ ಎಂದಿದ್ದರೂ ಅದು ಚಿಕಿತ್ಸಾಲಯವಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ಆಶ್ರಯಧಾಮ ಎಂಬ ಅರ್ಥವೂ ಇತ್ತು. 1692ರಲ್ಲಿ ಮೊದಲ ಸಿಪಾಯಿಗಳು ಸೇರಿದರು. ಅದೇ ವರ್ಷದ ಮಾರ್ಚ್ ಕೊನೆಗೆ ಅವರ ಸಂಖ್ಯೆ 476 ಆಗಿತ್ತು. ಕಡುಗೆಂಪು ಕೋಟು ತೊಟ್ಟ ‘ಚೆಲ್ಸಿ ಪಿಂಚಣಿದಾರರು’ ಇಂದಿಗೂ ಲಂಡನ್ನಿನ ಪರಿಚಿತ ನೋಟ. ಈಗ ಅಲ್ಲಿ ಸುಮಾರು 300 ಮಂದಿ ಇದ್ದಾರೆ. 2009ರಿಂದ ಮಹಿಳೆಯರಿಗೂ ಪ್ರವೇಶ ದೊರೆತಿದೆ.

ಚೆಲ್ಸಿಯ ಏರ್ಪಾಡಿನಲ್ಲಿ ಒಂದು ಜಾಣ್ಮೆಯಿದೆ. ಒಳಗೆ ಸೇರುವವನು ತನ್ನ ಸೇನಾ ಪಿಂಚಣಿಯನ್ನು ಬಿಟ್ಟುಕೊಡಬೇಕು. ಅದಕ್ಕೆ ಪ್ರತಿಯಾಗಿ ಊಟ, ಬಟ್ಟೆ, ಕೊಠಡಿ, ಜೊತೆಗಾರರು, ಕೊನೆಯವರೆಗಿನ ಶುಶ್ರೂಷೆ ಅವನಿಗೆ ದೊರೆಯುತ್ತವೆ. ಹಾಸಿಗೆ ಹಿಡಿದಾಗ ಅವನನ್ನು ಬೇರೆಲ್ಲಿಗೋ ಸಾಗಿಸುವುದಿಲ್ಲ. ಅದೇ ಆವರಣದ ಶುಶ್ರೂಷಾಲಯಕ್ಕೆ ಒಯ್ಯುತ್ತಾರೆ. ನಿನ್ನೆಯವರೆಗೆ ಒಟ್ಟಿಗೆ ಊಟ ಮಾಡಿದವರು ಇಂದು ಬಂದು ಮಾತಾಡಿಸಿ ಹೋಗಬಹುದು. ಸರ್ ಜಾನ್ ಸೋನ್ 1809ರ ಸುಮಾರಿಗೆ ಕಟ್ಟಿದ ಹಳೆಯ ಶುಶ್ರೂಷಾಲಯ ಎರಡನೆಯ ಮಹಾಯುದ್ಧದಲ್ಲಿ, 1941ರ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಈಗಿರುವ ಹೊಸ ಶುಶ್ರೂಷಾಲಯ 2009ರಲ್ಲಿ ಆರಂಭವಾಯಿತು.

ಅಮೆರಿಕದಲ್ಲಿ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರ ಮಾರ್ಚ್ 3ರಂದು, ಅಂಗವಿಕಲ ಸಿಪಾಯಿಗಳ ರಾಷ್ಟ್ರೀಯ ಆಶ್ರಯಧಾಮಕ್ಕೆ ಅಬ್ರಹಾಂ ಲಿಂಕನ್ ಸಹಿ ಹಾಕಿದರು. ಮರುದಿನವೇ ತಮ್ಮ ಎರಡನೆಯ ಪ್ರಮಾಣ ಭಾಷಣದಲ್ಲಿ, ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಗುವನ್ನೂ ನೋಡಿಕೊಳ್ಳುವುದು ರಾಷ್ಟ್ರದ ಹೊಣೆ ಎಂದು ಸಾರಿದರು. ಮೊದಲ ಶಾಖೆ 1866ರಲ್ಲಿ ಮೇನ್ ರಾಜ್ಯದ ಟೋಗಸ್‌ನಲ್ಲಿ ತೆರೆಯಿತು. 1873ರಲ್ಲಿ ಸಂಸ್ಥೆಯ ಹೆಸರಿನಿಂದ ‘ಅಸೈಲಮ್’ ಎಂಬ ಪದ ಹೋಗಿ ‘ಹೋಮ್’ ಬಂತು. ಹಂಗಿನ ವಾಸನೆಯಿದ್ದ ಪದವನ್ನು ಕೈಬಿಟ್ಟು ಮನೆ ಎಂದು ಕರೆದದ್ದರಲ್ಲಿ ಬದಲಾಗುತ್ತಿದ್ದ ಮನೋಭಾವ ಕಾಣುತ್ತದೆ.

ಈ ಸಂಸ್ಥೆಗಳೆಲ್ಲ ಕೇವಲ ಕರುಣೆಯಿಂದ ಹುಟ್ಟಿದವಲ್ಲ. ಬೀದಿಯಲ್ಲಿ ಭಿಕ್ಷೆ ಬೇಡುವ ಕುಂಟ ಸಿಪಾಯಿಯನ್ನು ನೋಡಿದ ಯುವಕ ಸೈನ್ಯಕ್ಕೆ ಸೇರಲು ಹಿಂಜರಿಯುತ್ತಾನೆ ಎಂಬುದು ಅರಸರಿಗೆ ಗೊತ್ತಿತ್ತು. ಅಲ್ಲದೆ ಒಳಗೆ ಜಾಗ ದೊರೆತವರು ಕೆಲವರು ಮಾತ್ರ. ಚೆಲ್ಸಿಯ ಕೆಂಪು ಕೋಟು ಕೆಲವು ನೂರು ಮಂದಿಗೆ ಸಿಕ್ಕರೆ, ಸಾವಿರಾರು ಮಂದಿ ‘ಹೊರಗಿನ ಪಿಂಚಣಿದಾರರು’ ಎನಿಸಿಕೊಂಡು ಸಣ್ಣ ಮೊತ್ತ ಪಡೆದು ತಮ್ಮ ತಮ್ಮ ಊರುಗಳಲ್ಲಿ ಬದುಕಿ ಅಲ್ಲಿಯೇ ಸತ್ತರು. ಅವರ ಕೊನೆಯ ದಿನಗಳು ಹೇಗಿದ್ದವು ಎಂಬುದು ಸರ್ಕಾರದ ಲೆಕ್ಕದಲ್ಲಿ ಬರುತ್ತಿರಲಿಲ್ಲ.

ಹಾಸಿಗೆಯ ಪಕ್ಕದ ಕುರ್ಚಿ

ಸಾಯುತ್ತಿರುವ ಸಿಪಾಯಿಯ ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು ಎಂಬ ಅರಿವು ಹತ್ತೊಂಬತ್ತನೆಯ ಶತಮಾನದ ಎರಡು ಯುದ್ಧಗಳಲ್ಲಿ ಗಟ್ಟಿಯಾಯಿತು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಬಂದಿಳಿದರು. ಅಲ್ಲಿ ಸಿಪಾಯಿಗಳನ್ನು ಗುಂಡಿಗಿಂತ ಹೆಚ್ಚಾಗಿ ಕೊಲ್ಲುತ್ತಿದ್ದುದು ವಾಂತಿಭೇದಿ, ಆಮಶಂಕೆ, ವಿಷಮಶೀತಜ್ವರಗಳು. ನೈಟಿಂಗೇಲ್ ಎಂದರೆ ಕೈಯಲ್ಲಿ ದೀಪ ಹಿಡಿದ ಚಿತ್ರವೇ ಎಲ್ಲರ ನೆನಪಿಗೆ ಬರುತ್ತದೆ. ಸತ್ತವರ ತಾಯಂದಿರಿಗೆ, ಹೆಂಡಿರಿಗೆ ಅವರು ಕಾಗದ ಬರೆಯುತ್ತಿದ್ದುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅಧಿಕಾರಿಯಲ್ಲದ ಸಾಮಾನ್ಯ ಸಿಪಾಯಿಯ ಸಾವು ಕೂಡ ಒಂದು ಮನೆಗೆ ತಿಳಿಸಬೇಕಾದ ಸಂಗತಿ ಎಂಬುದನ್ನು ಆ ಕಾಗದಗಳು ಒಪ್ಪಿಕೊಂಡವು.

ಅಮೆರಿಕದ ಅಂತರ್ಯುದ್ಧದಲ್ಲಿ ಇದೇ ಕೆಲಸವನ್ನು ಮಾಡಿದವರು ಕವಿ ವಾಲ್ಟ್ ವಿಟ್ಮನ್. 1862ರ ಡಿಸೆಂಬರಿನಲ್ಲಿ ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು ಹೋದ ಅವರು ವಾಷಿಂಗ್ಟನ್ನಿನಲ್ಲಿಯೇ ಉಳಿದುಬಿಟ್ಟರು. ಅವರು ವೈದ್ಯರಲ್ಲ. ಜೋಳಿಗೆಯಲ್ಲಿ ಕಿತ್ತಳೆ, ತಂಬಾಕು, ಕಾಗದ, ಅಂಚೆಚೀಟಿ ತುಂಬಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗುತ್ತಿದ್ದರು. ಅಕ್ಷರ ಬಾರದವರಿಗೆ ಪತ್ರ ಬರೆದುಕೊಡುತ್ತಿದ್ದರು. ಎರಾಸ್ಟಸ್ ಹ್ಯಾಸ್ಕೆಲ್ ಎಂಬ ಯುವ ಸಿಪಾಯಿ ಆರ್ಮರಿ ಸ್ಕ್ವೇರ್ ಆಸ್ಪತ್ರೆಯಲ್ಲಿ ವಿಷಮಶೀತಜ್ವರದಿಂದ 1863ರ ಆಗಸ್ಟಿನಲ್ಲಿ ತೀರಿಕೊಂಡ. ವಿಟ್ಮನ್ ಅವನ ತಂದೆತಾಯಿಗೆ ದೀರ್ಘವಾದ ಪತ್ರ ಬರೆದು, ಮಗನ ಕೊನೆಯ ದಿನಗಳನ್ನು ಒಂದೊಂದಾಗಿ ತಿಳಿಸಿದರು. ತಾವು ಅವನ ಹಾಸಿಗೆಯ ಅಂಚಿನಲ್ಲಿ ಹೆಚ್ಚಾಗಿ ಮೌನವಾಗಿಯೇ ಕೂರುತ್ತಿದ್ದುದನ್ನೂ ಹೇಳಿದರು. ಗುಣಪಡಿಸಲಾಗದ ರೋಗಿಯ ಬಳಿ ಮಾಡಲು ಏನೂ ಉಳಿದಿಲ್ಲ ಎಂದು ವೈದ್ಯಕೀಯ ಕೈಚೆಲ್ಲುವ ಹೊತ್ತಿನಲ್ಲಿಯೂ ಮಾಡಬಹುದಾದ ಕೆಲಸವೊಂದು ಇದೆ ಎಂಬುದಕ್ಕೆ ಆ ಪತ್ರ ಸಾಕ್ಷಿ.

ನೋವಿನ ಹೊಸ ಲೆಕ್ಕ

ಆದರೆ ಸಹಾನುಭೂತಿಯೊಂದರಿಂದಲೇ ನೋವು ಇಳಿಯುವುದಿಲ್ಲ. ಸಾವಿನ ಹೊತ್ತಿನ ಆರೈಕೆಯನ್ನು ಒಂದು ವೈದ್ಯಶಾಸ್ತ್ರವಾಗಿ ಬೆಳೆಸಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರು ದಾದಿಯ ತರಬೇತಿ ಪಡೆದದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ನೈಟಿಂಗೇಲ್ ಸ್ಥಾಪಿಸಿದ ಶಾಲೆಯಲ್ಲಿಯೇ. ಯುದ್ಧಾನಂತರ ಆಸ್ಪತ್ರೆಯ ಸಮಾಜಸೇವಕಿಯಾಗಿದ್ದಾಗ ವಾರ್ಸಾದಿಂದ ಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದಿಯ ಪರಿಚಯವಾಯಿತು. ಕ್ಯಾನ್ಸರಿನಿಂದ ಸಾಯುತ್ತಿದ್ದ ಆತನಿಗೆ ಲಂಡನ್ನಿನಲ್ಲಿ ತನ್ನವರೆನ್ನುವವರು ಯಾರೂ ಇರಲಿಲ್ಲ. ಸಾಯುವವರಿಗಾಗಿಯೇ ಒಂದು ಮನೆ ಹೇಗಿರಬೇಕೆಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. 1948ರಲ್ಲಿ ತೀರಿಕೊಂಡ ಟಾಸ್ಮಾ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರಲಿ ಎಂದು 500 ಪೌಂಡು ಬಿಟ್ಟುಹೋದ. ಸಾಂಡರ್ಸ್ ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನ ಸಿಡ್ನಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು.

ಅವರು ತಂದ ಬದಲಾವಣೆಗಳು ಎರಡು. ಮೊದಲನೆಯದು ಮಾರ್ಫಿನ್ ಕೊಡುವ ರೀತಿ. ಅದುವರೆಗೆ ರೋಗಿ ನೋವು ತಾಳಲಾರದೆ ಕೂಗಿಕೊಂಡ ಮೇಲೆ ಔಷಧಿ ಕೊಡುವುದು ವಾಡಿಕೆಯಾಗಿತ್ತು. ಸಾಂಡರ್ಸ್ ಗಡಿಯಾರ ನೋಡಿ, ಗೊತ್ತಾದ ಹೊತ್ತಿಗೆ, ಬಾಯಿಯ ಮೂಲಕ ಕೊಡಿಸಿದರು. ನೋವು ಮರಳಿ ಬರುವ ಮೊದಲೇ ಮುಂದಿನ ಗುಟುಕು ಒಳಗೆ ಹೋಗುತ್ತಿತ್ತು. ರೋಗಿ ಮಂಕಾಗದೆ, ಬೇಡುವ ದೈನ್ಯವಿಲ್ಲದೆ ಇರಬಹುದೆಂದು ಇದರಿಂದ ತೋರಿಬಂತು. ಎರಡನೆಯದು ‘ಸಮಗ್ರ ನೋವು’ ಎಂಬ ಕಲ್ಪನೆ. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಬದುಕಿನ ಅರ್ಥದ ಬಗೆಗಿನ ಸಂಕಟ ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಲಾಗದು ಎಂಬುದು ಅದರ ತಿರುಳು. ಈ ಆರೈಕೆಯನ್ನು ಕನ್ನಡದಲ್ಲಿ ಉಪಶಮನ ಆರೈಕೆ ಎನ್ನುತ್ತಾರೆ.

ಸಿಪಾಯಿಯ ನೋವು ಬೇರೆ

ಈ ಸಮಗ್ರ ನೋವು ಹಳೆಯ ಸಿಪಾಯಿಯಲ್ಲಿ ಬೇರೆಯೇ ರೂಪ ತಾಳುತ್ತದೆ ಎಂಬುದನ್ನು ಅಮೆರಿಕದ ದಾದಿಯರು ಅನುಭವದಿಂದ ಕಂಡುಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಸೇನೆಯಲ್ಲಿ 1.6 ಕೋಟಿಗೂ ಹೆಚ್ಚು ಜನ ಸೇವೆ ಸಲ್ಲಿಸಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಆ ಪೀಳಿಗೆ ಎಂಬತ್ತರ ಅಂಚಿನಲ್ಲಿತ್ತು. ಮಾಜಿ ಸೈನಿಕರ ಇಲಾಖೆ 1992ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಉಪಶಮನ ಆರೈಕೆಯ ಏರ್ಪಾಡು ಇರಬೇಕೆಂದು ಸೂಚಿಸಿತು. 2009ರಲ್ಲಿ ಅದನ್ನು ಇನ್ನಷ್ಟು ವ್ಯಾಪಕಗೊಳಿಸಿತು.

ಫ್ಲಾರಿಡಾದ ಬೇ ಪೈನ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ದೀರ್ಘಕಾಲ ದುಡಿದ ದಾದಿ ಡೆಬೊರಾ ಗ್ರಾಸ್ಮನ್ 2009ರಲ್ಲಿ ತಮ್ಮ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರೂ ಅವರ ಸಹೋದ್ಯೋಗಿಗಳೂ ಗುರುತಿಸಿದ ಮೊದಲ ಅಂಶ ಮೌನ. ಸೈನ್ಯ ಒಬ್ಬ ಹುಡುಗನಿಗೆ ನೋವನ್ನು ನುಂಗಿಕೊಳ್ಳಲು, ಭಯವನ್ನು ಮುಖದಲ್ಲಿ ತೋರಿಸದಿರಲು ಕಲಿಸುತ್ತದೆ. ರಣರಂಗದಲ್ಲಿ ಅದು ಅವನ ಪ್ರಾಣವನ್ನು ಕಾಪಾಡುವ ಗುಣ. ಅರವತ್ತು ವರ್ಷಗಳ ಮೇಲೆ ಸಾವಿನ ಹಾಸಿಗೆಯಲ್ಲಿ ಅದೇ ಗುಣ ಅವನಿಗೆ ಮುಳುವಾಗುತ್ತದೆ. ನೋವಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಮಾತ್ರೆ ನುಂಗುವುದನ್ನು ಸೋಲೆಂದು ಬಗೆಯುತ್ತಾನೆ. ಅನುಭವಿ ದಾದಿಯರು ಅಂಥವರನ್ನು ನೇರವಾಗಿ ಕೇಳುವುದಿಲ್ಲ. ರಾತ್ರಿ ನಿದ್ದೆ ಬಂತೇ, ಮಗ್ಗುಲು ಬದಲಿಸುವಾಗ ಹೇಗಿರುತ್ತದೆ ಎಂದು ವಿಚಾರಿಸುತ್ತಾರೆ. ಬಿಗಿದ ಮುಷ್ಟಿ, ಗಂಟಿಕ್ಕಿದ ಹುಬ್ಬುಗಳನ್ನು ಗಮನಿಸುತ್ತಾರೆ.

ಎರಡನೆಯ ಅಂಶ ನೆನಪು. ಸಾವು ಹತ್ತಿರವಾದಾಗ ಅನೇಕ ರೋಗಿಗಳಿಗೆ ಸನ್ನಿ ಹಿಡಿಯುತ್ತದೆ. ಸಾಮಾನ್ಯ ರೋಗಿ ತನ್ನ ಊರನ್ನೋ ತಾಯಿಯನ್ನೋ ಕನವರಿಸಬಹುದು. ಯುದ್ಧ ಕಂಡವನು ಮತ್ತೆ ಕಂದಕಕ್ಕೆ ಹೋಗಿಬಿಡಬಹುದು. ಉಸಿರು ಕಟ್ಟಿದ ಹಾಗಾಗುವುದು, ಏಕಾಏಕಿ ಕೇಳುವ ಸದ್ದು, ಹಿಂದಿನಿಂದ ಬಂದು ಮೈ ಮುಟ್ಟುವುದು ಇಂಥವು ಅವನಿಗೆ ಶತ್ರುವಿನ ದಾಳಿಯಾಗಿ ತೋರುತ್ತವೆ. ಆಗ ಕೈಕಾಲು ಕಟ್ಟಿಹಾಕಿದರೆ ಭಯ ಇಮ್ಮಡಿಯಾಗುತ್ತದೆ; ಸೆರೆ ಸಿಕ್ಕಿದ್ದವನಿಗಂತೂ ಅದು ಹಳೆಯ ನರಕದ ಪುನರಾವರ್ತನೆ. ಆದ್ದರಿಂದ ಕಾಣುವಂತೆ ಎದುರಿನಿಂದ ಬರುವುದು, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುವುದು, ಬೆಳಕು ಇರಿಸುವುದು, ಎಲ್ಲಿದ್ದೀರಿ, ಯಾರ ಜೊತೆ ಇದ್ದೀರಿ ಎಂದು ಮೆಲ್ಲನೆ ತಿಳಿಸುವುದು ಇವೆಲ್ಲ ಚಿಕಿತ್ಸೆಯ ಭಾಗವಾದವು.

ಮೂರನೆಯದು ಪಾಪಪ್ರಜ್ಞೆ. ತಾನು ಕೊಂದವರ ಬಗೆಗೆ, ಕಾಪಾಡಲಾಗದೆ ಬಿಟ್ಟುಬಂದ ಗೆಳೆಯನ ಬಗೆಗೆ ಹೆಂಡತಿಗೂ ಹೇಳದೆ ಇಟ್ಟುಕೊಂಡ ಮಾತು ಕೊನೆಗಳಿಗೆಯಲ್ಲಿ ಹೊರಬರಬಹುದು. ‘ಅದು ನಿಮ್ಮ ಕರ್ತವ್ಯವಾಗಿತ್ತು, ಬಿಡಿ’ ಎಂದು ಸಮಾಧಾನ ಹೇಳುವುದು ಸುಲಭ. ಹಾಗೆ ಹೇಳಿದೊಡನೆ ಅವನ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಕೇಳಿಸಿಕೊಳ್ಳುವುದು ಸಮಾಧಾನ ಹೇಳುವುದಕ್ಕಿಂತ ಕಷ್ಟದ ಕೆಲಸ.

ಒಬ್ಬಂಟಿಯಾಗಿ ಸಾಯಬಾರದು ಎಂಬ ವಿಚಾರವೂ ಒಬ್ಬ ದಾದಿಯಿಂದಲೇ ವ್ಯವಸ್ಥೆಯಾಗಿ ಬೆಳೆಯಿತು. 1986ರಲ್ಲಿ ಆರೆಗನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ವೃದ್ಧ ರೋಗಿಯೊಬ್ಬ ತನ್ನ ಬಳಿ ಸ್ವಲ್ಪ ಹೊತ್ತು ಕೂರುವಂತೆ ಸಾಂಡ್ರಾ ಕ್ಲಾರ್ಕ್ ಎಂಬ ದಾದಿಯನ್ನು ಕೇಳಿಕೊಂಡ. ಉಳಿದ ರೋಗಿಗಳನ್ನು ನೋಡಿ ಬರುತ್ತೇನೆಂದು ಹೋದ ಆಕೆ ಮರಳುವಷ್ಟರಲ್ಲಿ ಆತ ತೀರಿಕೊಂಡಿದ್ದ. ಆ ನೆನಪು ಆಕೆಯನ್ನು ಬಿಡಲಿಲ್ಲ. 2001ರಲ್ಲಿ, ಯಾರೂ ಇಲ್ಲದ ರೋಗಿಗಳ ಬಳಿ ಸರದಿಯಂತೆ ಕೂರುವ ಸ್ವಯಂಸೇವಕರ ಯೋಜನೆಯನ್ನು ಆಕೆ ಆರಂಭಿಸಿದರು. ಮಾಜಿ ಸೈನಿಕರ ಆಸ್ಪತ್ರೆಗಳು ಅದನ್ನು ಅಳವಡಿಸಿಕೊಂಡವು. ಅನೇಕ ಕಡೆ ಹೀಗೆ ಕೂರುವವರು ಸ್ವತಃ ಹಳೆಯ ಸಿಪಾಯಿಗಳು.

ಅಮೆರಿಕದ ಬಹುಪಾಲು ಮಾಜಿ ಸೈನಿಕರು ಸಾಯುವುದು ಇಲಾಖೆಯ ಆಸ್ಪತ್ರೆಗಳ ಹೊರಗೆ. ಚೆಲ್ಸಿಯ ‘ಹೊರಗಿನ ಪಿಂಚಣಿದಾರ’ರ ಸಮಸ್ಯೆ ಇಲ್ಲಿಯೂ ತಲೆಯೆತ್ತಿತು. ಅದಕ್ಕಾಗಿ 2010ರಲ್ಲಿ ಊರೂರಿನ ಹಾಸ್ಪಿಸ್‌ಗಳನ್ನು ಇಲಾಖೆಯೊಡನೆ ಜೋಡಿಸುವ ಯೋಜನೆ ಬಂತು. ರೋಗಿ ಸೇರಿದಾಗ ಅವನು ಸೈನ್ಯದಲ್ಲಿದ್ದನೇ ಎಂದು ಕೇಳುವುದು ಅದರ ಮೊದಲ ಪಾಠ. ಹಾಸಿಗೆಯ ಬಳಿಯೇ ಒಂದು ಪುಟ್ಟ ಸಮಾರಂಭ ನಡೆಸಿ, ಪದಕದಂಥ ಪಿನ್ನೊಂದನ್ನು ಚುಚ್ಚಿ, ಇನ್ನೊಬ್ಬ ಮಾಜಿ ಸೈನಿಕ ಸೆಲ್ಯೂಟ್ ಹೊಡೆಯುವ ಪದ್ಧತಿಯೂ ಬೆಳೆಯಿತು. ವಿಯೆಟ್ನಾಮಿನಿಂದ ಮರಳಿದಾಗ ಸ್ವಾಗತದ ಮಾತನ್ನೇ ಕೇಳದಿದ್ದವರಿಗೆ ಇದರಿಂದ ಕಣ್ಣೀರು ಬಂದದ್ದುಂಟು. ಎಲ್ಲರಿಗೂ ಇದು ಬೇಕಿರುವುದಿಲ್ಲ. ಕೆಲವರಿಗೆ ಯುದ್ಧದ ಹೆಸರೇ ಬೇಡ. ಅವರ ಪಾಲಿಗೆ ಸುಮ್ಮನಿರುವುದೇ ಗೌರವ.

ಭಾರತದಲ್ಲಿ

ಭಾರತದಲ್ಲಿ ಅಂಗವಿಕಲ ಸಿಪಾಯಿಗಳ ಪುನರ್ವಸತಿಯ ಕೆಲಸಕ್ಕೆ ಶತಮಾನದ ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡವರಿಗೆ ಕಸುಬು ಕಲಿಸಲು 1917ರಲ್ಲಿ ಆರಂಭವಾದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್ಸ್ಟಿಟ್ಯೂಟ್ ಪುಣೆಯ ಖಡಕಿಯಲ್ಲಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರಿಗಾಗಿ ಅದೇ ಖಡಕಿಯಲ್ಲಿ 1974ರಲ್ಲಿ, ಮೊಹಾಲಿಯಲ್ಲಿ 1978ರಲ್ಲಿ ಪುನರ್ವಸತಿ ಕೇಂದ್ರಗಳು ತೆರೆದವು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್. 2003ರ ಏಪ್ರಿಲಿನಲ್ಲಿ ಜಾರಿಗೆ ಬಂತು.

ಉಪಶಮನ ಆರೈಕೆ ಮಾತ್ರ ಬೇರೊಂದು ದಾರಿಯಿಂದ, ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಂತು. ಮುಂಬಯಿಯ ಶಾಂತಿ ಅವೇದನಾ 1986ರಲ್ಲಿ, ಕೋಳಿಕೋಡಿನ ಕೇಂದ್ರ 1993ರಲ್ಲಿ ಆರಂಭವಾದವು. ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಹಾಸ್ಪಿಸ್ ಟ್ರಸ್ಟ್ ಕಟ್ಟಿದವು; ಅದರ ‘ಕರುಣಾಶ್ರಯ’ 1999ರಲ್ಲಿ ಬಾಗಿಲು ತೆರೆಯಿತು. ಈ ಕೆಲಸಕ್ಕೆ ದೊಡ್ಡ ತೊಡಕಾಗಿದ್ದುದು 1985ರ ಮಾದಕವಸ್ತು ಕಾಯಿದೆ. ಕಳ್ಳಸಾಗಣೆ ತಡೆಯಲು ಬಂದ ಆ ಕಾಯಿದೆಯ ಬಿಗಿ ಷರತ್ತುಗಳಿಂದ ಅಫೀಮು ಬೆಳೆಯುವ ದೇಶದಲ್ಲಿಯೇ ರೋಗಿಗೆ ಮಾರ್ಫಿನ್ ಸಿಗದಂತಾಯಿತು. 2014ರ ತಿದ್ದುಪಡಿ ಆ ಷರತ್ತುಗಳನ್ನು ಸರಳಗೊಳಿಸಿತು. ಕಾಯಿದೆ ಬದಲಾದರೂ ಔಷಧಿಯನ್ನು ಬರೆದುಕೊಡಬಲ್ಲ ವೈದ್ಯರು, ಇರಿಸುವ ಆಸ್ಪತ್ರೆಗಳು ಹಳ್ಳಿಯಿಂದ ದೂರವಿದ್ದರೆ ರೋಗಿಗೆ ಪ್ರಯೋಜನ ಕಡಿಮೆ.

ಭಾರತದ ಸೈನಿಕ ನಿವೃತ್ತನಾದ ಮೇಲೆ ಸಾಮಾನ್ಯವಾಗಿ ಊರಿಗೆ ಮರಳುತ್ತಾನೆ. ಕೊಡಗಿನ ಕಾಫಿ ತೋಟದ ಮನೆಯಲ್ಲಿರಲಿ, ಬೆಳಗಾವಿ, ಧಾರವಾಡ ಸೀಮೆಯ ಹಳ್ಳಿಯಲ್ಲಿರಲಿ, ಅವನ ಕೊನೆಯ ದಿನಗಳ ಆರೈಕೆ ಹೆಂಡತಿ, ಸೊಸೆ, ಮಕ್ಕಳ ಪಾಲಿಗೆ ಬರುತ್ತದೆ. ಇನ್ವಾಲಿಡ್ಸ್ ಅಥವಾ ಚೆಲ್ಸಿಯಂಥ ಭವ್ಯ ಕಟ್ಟಡ ಅವನಿಗೆ ಬೇಕಿಲ್ಲದಿರಬಹುದು; ತನ್ನವರ ನಡುವೆ ಇರುವುದೇ ಅವನಿಗೆ ಇಷ್ಟ. ಆದರೆ ಮನೆಯವರ ಪ್ರೀತಿ ಎಷ್ಟೇ ಇದ್ದರೂ ಎಲುಬಿಗೆ ಹಬ್ಬಿದ ಕ್ಯಾನ್ಸರಿನ ನೋವನ್ನು ಅದು ಇಳಿಸಲಾರದು. ಮಧ್ಯರಾತ್ರಿಯಲ್ಲಿ ಶತ್ರು ಬಂದನೆಂದು ಎದ್ದು ಕೂರುವ ಮುದುಕನಿಗೆ ಹುಚ್ಚು ಹಿಡಿದಿಲ್ಲ ಎಂದು ಗಾಬರಿಯಾದ ಸೊಸೆಗೆ ಯಾರಾದರೂ ತಿಳಿಸಿ ಹೇಳಬೇಕಾಗುತ್ತದೆ.

ಸೈನಿಕನ ಶವಕ್ಕೆ ತ್ರಿವರ್ಣ ಧ್ವಜ ಹೊದಿಸಿ ಕುಶಾಲತೋಪು ಹಾರಿಸುವಾಗ ಊರಿಗೆ ಊರೇ ನೆರೆದು ಕಣ್ಣೊರೆಸಿಕೊಳ್ಳುತ್ತದೆ. ಆ ಗೌರವ ಸಲ್ಲಬೇಕಾದದ್ದೇ. ಅದು ಬದುಕಿರುವವರಿಗೆ ಧೈರ್ಯ ಕೊಡುತ್ತದೆ, ಮನೆಯವರಿಗೆ ಸಾಂತ್ವನ ಕೊಡುತ್ತದೆ. ಆ ತೋಪಿನ ಸದ್ದು ಸತ್ತವನಿಗೆ ಕೇಳಿಸುವುದಿಲ್ಲ. ಅವನಿಗೆ ತಲುಪುವಂಥದ್ದೇನಾದರೂ ಇದ್ದರೆ ಅದು ಅದಕ್ಕೆ ಒಂದೆರಡು ತಿಂಗಳು ಮೊದಲು ಸಲ್ಲಬೇಕು: ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ, ವಾರಕ್ಕೊಮ್ಮೆ ಮನೆಗೆ ಬರುವ ಒಬ್ಬ ದಾದಿ, ಅವನು ನೋವಿಲ್ಲ ಎಂದರೂ ನಂಬದೆ ಇನ್ನೊಮ್ಮೆ ವಿಚಾರಿಸುವವರು, ಅದೇ ಪಲ್ಟನ್ನಿನ ಹಳೆಯ ಜೊತೆಗಾರನೊಬ್ಬ ಬಂದು ಕೂರಲು ಹಾಸಿಗೆಯ ಪಕ್ಕದಲ್ಲಿ ಒಂದು ಕುರ್ಚಿ. ಖರ್ಚಿನ ಲೆಕ್ಕದಲ್ಲಿ ಇವು ಸಣ್ಣ ಬಾಬತ್ತುಗಳು.